ಉಮರ್ ಹೋಗಿ ಇಮೋರೊ ಆದ: ದಗ್ಬಾನಿ ಹೆಸರುಗಳ ಕಥೆ

ಘಾನಾ ದೇಶದ ಅಧ್ಯಕ್ಷರ ಹೆಸರು ಜಾನ್ ದ್ರಮಾನಿ ಮಹಾಮ. ಸುದ್ದಿಯಲ್ಲಿ ಎಲ್ಲೋ ಓದಿರ್ತೀರಿ. ಆ ‘ಮಹಾಮ’ ಮೂಲದಲ್ಲಿ ಯಾವ ಹೆಸರು, ಊಹಿಸಿ ನೋಡೋಣ? ಮುಹಮ್ಮದ್!

ಅವರು ಗೊಂಜಾ ಸಮುದಾಯದವರು. ಆದರೆ ಈ ಹೆಸರು ಉತ್ತರ ಘಾನಾಕ್ಕೆಲ್ಲ ಸೇರಿದ್ದು. ಅಲ್ಲಿನ ದೊಡ್ಡ ಭಾಷೆಗಳಲ್ಲಿ ಒಂದಾದ ದಗ್ಬಾನಿಯಲ್ಲಿ ಉಮರ್ ಅನ್ನೋ ಹೆಸರು ಇಮೋರೊ ಆಗಿದೆ. ಉಸ್ಮಾನ್ ಸುಮಾನಿ ಆಗಿದೆ. ಯೂಸುಫ್ ಇಸ್ಸಿಫು, ಹುಸೇನ್ ಫುಸೇನಿ, ಅಬೂಬಕರ್ ಅಬುಕಾರಿ. ಜಿಬ್ರೀಲ್ ಅಂತೂ ಜ಼ಿಬ್ಲಿಮ್!

ಮೊದಲ ಸಲ ನೋಡಿದವರಿಗೆ ಇದು ಬಾಯಿ ತಿರುಗದೆ ಆದ ಎಡವಟ್ಟು ಅನ್ನಿಸಬಹುದು. ಹಾಗಲ್ಲ. ಈ ಬದಲಾವಣೆಗಳ ಹಿಂದೆ ಲೆಕ್ಕಾಚಾರವಿದೆ. ಇನ್ನೊಂದು ಕಡೆ, ಇದೇ ಬದಲಾವಣೆಯಿಂದ ಒಬ್ಬನೇ ಮನುಷ್ಯ ಎರಡು ದಾಖಲೆಗಳಲ್ಲಿ ಇಬ್ಬರಾಗಿ ಕಾಣ್ತಾನೆ. ಶಾಲೆಯ ಸರ್ಟಿಫಿಕೇಟಿನಲ್ಲಿ ಯೂಸುಫ್, ಬ್ಯಾಂಕಿನಲ್ಲಿ ಇಸ್ಸಿಫು ಅಂತಿದ್ರೆ ಕಂಪ್ಯೂಟರ್ ಏನು ಮಾಡಬೇಕು? ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವ ನನ್ನಂಥವರಿಗೆ ಈ ಪ್ರಶ್ನೆ ಸುಮ್ಮನೆ ಬಿಡೋ ಥರದ್ದಲ್ಲ.

ಭಾಷೆಯ ಹೆಸರಲ್ಲೇ ಎರಡು ರೂಪ

ಮೊದಲು ಜಾಗದ ಪರಿಚಯ. ಘಾನಾದ ಉತ್ತರಕ್ಕೆ ತಮಾಲೆ ಅಂತ ದೊಡ್ಡ ಊರಿದೆ. ಅದರ ಪೂರ್ವಕ್ಕೆ ಯೆಂಡಿ. ಯೆಂಡಿಯಲ್ಲಿ ‘ಯಾ ನಾ’ ಎಂಬ ಬಿರುದಿನ ರಾಜ ಇದ್ದಾರೆ. ಅವರ ಸಾಂಪ್ರದಾಯಿಕ ರಾಜ್ಯದ ಹೆಸರು ದಗ್ಬೋನ್. ಅಲ್ಲಿನ ಜನ ದಗ್ಬಾಂಬಾ. ಇಂಗ್ಲಿಷಿನವರು ಅದನ್ನು ‘ದಗೋಂಬಾ’ ಅಂತ ಬರೆದುಕೊಂಡರು, ಹೊರಗೆ ಅದೇ ಹೆಸರು ನಿಂತಿತು. ದಗ್ಬಾನಿ ಮಾತಾಡುವವರು ಹತ್ತು ಲಕ್ಷಕ್ಕೂ ಹೆಚ್ಚು.

ದಗ್ಬಾಂಬಾ ಯಾಕೆ ದಗೋಂಬಾ ಆಯ್ತು? ಮಧ್ಯದ ‘ಗ್ಬ’ದಿಂದ. ಕನ್ನಡದಲ್ಲಿ ನಾವು ಗ ಬರೆದು ಕೆಳಗೆ ಬ ಒತ್ತು ಕೊಟ್ಟು ‘ಋಗ್ಬದ್ಧ’ ಅನ್ನುವಂತೆ ಒಂದಾದ ಮೇಲೆ ಒಂದು ಹೇಳ್ತೀವಿ. ಅಲ್ಲಿ ಹಾಗಲ್ಲ. ಗಂಟಲ ಹತ್ತಿರ ‘ಗ’ಗೆ ನಾಲಗೆ ಹಿಡಿದ ಕ್ಷಣದಲ್ಲೇ ತುಟಿಯೂ ‘ಬ’ಗೆ ಮುಚ್ಚಿರುತ್ತೆ. ಎರಡೂ ಒಟ್ಟಿಗೆ ಬಿಡಬೇಕು. ‘ಕ್ಪ’ ಅಂತ ಇನ್ನೊಂದಿದೆ, ಅದೂ ಹೀಗೇ. ಈ ರಾಜವಂಶದ ಮೂಲಪುರುಷ ಅಂತ ಹೇಳುವ ನಾ ಗ್ಬೆವಾ ಅವರ ಹೆಸರು ಕೆಲವು ಬರಹಗಳಲ್ಲಿ ‘ಬಾವಾ’ ಅಂತಲೂ ಸಿಗುತ್ತೆ. ವ್ಯಕ್ತಿ ಒಬ್ಬರೇ.

ಭಾಷೆಯ ಹೆಸರೇ ಎರಡು ಥರ. ತಮಾಲೆ ಕಡೆಯವರು ‘ದಗ್ಬಾನಿ’ ಅಂತಾರೆ, ಯೆಂಡಿ ಕಡೆಯವರು ‘ದಗ್ಬಾನ್ಲಿ’ ಅಂತಾರೆ. ನಮ್ಮಲ್ಲಿ ಮೈಸೂರಿನವರು ‘ಬರ್ತೀನಿ’ ಅಂದ್ರೆ ಧಾರವಾಡದವರು ‘ಬರ್ತೇನಿ’ ಅಂದ ಹಾಗೆ. ಇಬ್ಬರಿಗೂ ಇಬ್ಬರ ಮಾತೂ ಅರ್ಥವಾಗುತ್ತೆ. ಅದರಲ್ಲಿ ತಪ್ಪು-ಸರಿ ಅನ್ನೋದು ಇಲ್ಲ.

ಅರಬ್ಬಿ ಹೆಸರು ಬಂದ ಎರಡು ದಾರಿ

ದಗ್ಬೋನಿಗೆ ಇಸ್ಲಾಂ ಬಂದಿದ್ದು ವ್ಯಾಪಾರಿಗಳು ಮತ್ತು ವಿದ್ವಾಂಸರ ಜೊತೆ. ಸುಮಾರು 1700ರ ಆಸುಪಾಸಿನಲ್ಲಿ ಆಳಿದ ನಾ ಜ಼ಂಗಿನಾ ಮೊದಲ ಮುಸ್ಲಿಂ ರಾಜ ಅಂತ ಅಲ್ಲಿನ ಪರಂಪರೆ ಹೇಳುತ್ತೆ. ವಾಯವ್ಯದಿಂದ ಮಾಂಡೆ ಭಾಷೆಯವರು ಬಂದರು, ಪೂರ್ವದಿಂದ, ಅಂದ್ರೆ ಇವತ್ತಿನ ನೈಜೀರಿಯಾ ಕಡೆಯಿಂದ ಹೌಸಾ ಭಾಷೆಯವರು ಬಂದರು. ಹಾಗಾಗಿ ಅರಬ್ಬಿ ಹೆಸರುಗಳು ದಗ್ಬಾನಿಗೆ ನೇರವಾಗಿ ಬರಲಿಲ್ಲ. ದಾರಿಯಲ್ಲಿ ಇನ್ನೊಬ್ಬರ ಬಾಯಲ್ಲಿ ಹಾದು ಬಂದವು.

ಯಾವ ದಾರಿಯಲ್ಲಿ ಬಂತು ಅನ್ನೋದಕ್ಕೆ ಕೆಲವು ಹೆಸರುಗಳಲ್ಲಿ ಸುಳಿವೂ ಇದೆ. ಹಸನ್ ಮತ್ತು ಹುಸೇನ್ ಪ್ರವಾದಿಯವರ ಮೊಮ್ಮಕ್ಕಳು. ಪಶ್ಚಿಮ ಆಫ್ರಿಕಾದಲ್ಲಿ ಅವಳಿ ಗಂಡುಮಕ್ಕಳು ಹುಟ್ಟಿದರೆ ಈ ಜೋಡಿ ಹೆಸರು ಇಡೋದು ರೂಢಿ, ನಮ್ಮಲ್ಲಿ ಲವ-ಕುಶ ಇದ್ದ ಹಾಗೆ. ಹೌಸಾದಲ್ಲಿ ಎರಡನೆಯವನು ಹುಸೇನಿ, ‘ಹ’ ಹಾಗೇ ಉಳಿದಿದೆ. ಮಾಲಿ ದೇಶದ ಮಾಂಡೆ ಮಾತಿನವರಲ್ಲಿ ಅವನು ಫುಸೇನಿ. ದಗ್ಬೋನಿನಲ್ಲೂ ಅವಳಿಗಳು ಅಲ್‌ಹಸನ್ ಮತ್ತು ಫುಸೇನಿ. ಈ ‘ಫ’ ಮಾಂಡೆ ದಾರಿಯಿಂದ ಬಂದಿರಬೇಕು ಅಂತ ತರ್ಕ ಮಾಡಬಹುದು.

ವಾರದ ಹೆಸರುಗಳೂ ಹೀಗೇ ಬಂದವು. ಉತ್ತರ ಘಾನಾದಲ್ಲಿ ಹುಟ್ಟಿದ ವಾರದ ಹೆಸರನ್ನೇ ಮಕ್ಕಳಿಗೆ ಇಡೋದುಂಟು. ಸೋಮವಾರದವಳು ತಾನಿ, ಮಂಗಳವಾರದವಳು ತಲಾತಾ, ಬುಧವಾರದವಳು ಲಾರಿಬಾ. ಅರಬ್ಬಿಯಲ್ಲಿ ಗುರುವಾರ ‘ಅಲ್ ಖಮೀಸ್’. ಉತ್ತರ ಘಾನಾದಲ್ಲಿ ಅದರಿಂದ ಲಾಮಿಸಿ ಅನ್ನೋ ಹೆಸರಿದೆ. ದಗ್ಬಾನಿಯಲ್ಲಿ ಎರಡು ಸ್ವರಗಳ ನಡುವೆ ಸಿಕ್ಕ ‘ಸ’ ಎಷ್ಟೋ ಕಡೆ ‘ಹ’ ಆಗುತ್ತೆ, ಹಾಗಾಗಿ ಅಲ್ಲಿ ಗುರುವಾರ ಅಂದ್ರೆ ‘ಅಲಾಮಿಹಿ’. ಶುಕ್ರವಾರ, ಅಂದ್ರೆ ‘ಅಲ್ ಜುಮಾ’, ಅಲ್ಲಿ ‘ಅಲಿಜ಼ುಮ್ಮಾ’. ಜಿಬ್ರೀಲ್‌ನ ‘ಜ’ ಹೇಗೆ ‘ಜ಼’ ಆಯ್ತೋ ಇಲ್ಲೂ ಅದೇ. ಬೇರೆ ಬೇರೆ ಪದದಲ್ಲಿ ಒಂದೇ ಬದಲಾವಣೆ ಕಂಡರೆ ಅದನ್ನು ಉಚ್ಚಾರದ ತಪ್ಪು ಅನ್ನೋಕಾಗಲ್ಲ, ನಿಯಮ ಅನ್ನಬೇಕು.

ಗಲಾಸು, ಇಸ್ಕೂಲು ಮತ್ತು ಇಬುರಾಹಿಮ

ಆ ನಿಯಮಗಳಲ್ಲಿ ಮುಖ್ಯವಾದವು ನಾಲ್ಕು. ಕನ್ನಡದವರಿಗೆ ಇವು ಸುಲಭವಾಗಿ ಹಿಡಿಯುತ್ತವೆ, ಯಾಕಂದ್ರೆ ನಮ್ಮ ನಾಲಗೆಯೂ ಇದೇ ಕೆಲಸ ಮಾಡುತ್ತೆ.

ಒಂದು, ಕೊನೆಗೆ ಸ್ವರ ಬೇಕು. ದಗ್ಬಾನಿ ಪದ ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತೆ, ಇಲ್ಲವಾದ್ರೆ ಮ, ನ ಥರದ ಅನುನಾಸಿಕದಲ್ಲಿ. ಯಾಕೂಬ್ ಯಾಕುಬು ಆಗೋದು, ಇದ್ರೀಸ್ ಇದ್ರಿಸು ಆಗೋದು, ಜೈನಬ್ ಜ಼ೆನಾಬು ಆಗೋದು ಇದಕ್ಕೇ. ಹೌಸಾದಲ್ಲೂ ಯಾಕುಬು ಥರದ ರೂಪಗಳಿವೆ, ಹಾಗಾಗಿ ಕೆಲವಕ್ಕೆ ಬಾಲ ದಾರಿಯಲ್ಲೇ ಅಂಟಿರಬಹುದು. ಬಸ್ ‘ಬಸ್ಸು’, ಕಾರ್ ‘ಕಾರು’, ಫೋನ್ ‘ಫೋನು’ ಅಂತ ಮಾಡಿಕೊಂಡ ನಮಗೆ ಇದು ಹೊಸದೇನಲ್ಲ.

ಎರಡು, ವ್ಯಂಜನಗಳು ಒತ್ತೊತ್ತಾಗಿ ಬಂದರೆ ನಡುವೆ ಜಾಗ ಮಾಡಿಕೊಡಬೇಕು. ಇಬ್ರಾಹಿಮ್ ‘ಇಬುರಾಹಿಮ’ ಆಗ್ತಾನೆ. ನಮ್ಮ ಅಜ್ಜಿಯರು ಗ್ಲಾಸನ್ನು ಗಲಾಸು, ಸ್ಕೂಲನ್ನು ಇಸ್ಕೂಲು ಅಂದಿದ್ದು ಇದೇ ಕಾರಣಕ್ಕೆ.

ಮೂರು, ಗಂಟಲಿನ ‘ಹ’ ನಿಲ್ಲಲ್ಲ. ಹಬೀಬಾ ‘ಅಬಿಬಾ’, ಹವ್ವಾ ‘ಅವಾಬು’, ಅಹ್ಮದ್ ‘ಅಮಾದು’. ಹಾಲನ್ನು ‘ಆಲು’ ಅನ್ನೋರನ್ನು ಗೇಲಿ ಮಾಡುವ ಮುಂಚೆ ಇದನ್ನು ನೆನಪಿಟ್ಟುಕೊಳ್ಳಿ. ಎಷ್ಟೋ ಭಾಷೆಗಳಲ್ಲಿ ಮೊದಲು ಮನೆ ಬಿಡುವ ಅಕ್ಷರ ಇದೇ.

ನಾಲ್ಕು, ಹೆಣ್ಣುಮಕ್ಕಳ ಹೆಸರಿನ ‘ತು’. ರಾಮಾತು, ಸಲಾಮಾತು, ಮೆಮುನಾತು, ಅಮಿನಾತು. ಅರಬ್ಬಿಯಲ್ಲಿ ರಹ್ಮಾ, ಮೈಮೂನಾ, ಅಮೀನಾ ಎಂಬ ಹೆಸರುಗಳ ಕೊನೆಯಲ್ಲಿ ಒಂದು ‘ತ’ ಅಡಗಿರುತ್ತೆ. ಒಂಟಿಯಾಗಿ ಹೇಳಿದಾಗ ಕೇಳಿಸಲ್ಲ, ಮುಂದೆ ಪದ ಬಂದಾಗ ಹೊರಗೆ ಬರುತ್ತೆ. ಪಶ್ಚಿಮ ಆಫ್ರಿಕಾದವರು ಆ ‘ತ’ವನ್ನು ಬಿಡದೆ ಇಟ್ಟುಕೊಂಡರು. ಅಂದ್ರೆ ‘ಮೂಲ ಕೆಡಿಸಿದ್ದಾರೆ’ ಅನ್ನಿಸಿಕೊಂಡ ಹೆಸರಿನಲ್ಲೇ ಮೂಲದ ಒಂದು ಅಕ್ಷರ ಜೋಪಾನವಾಗಿದೆ!

ಇದೇ ಅರಬ್ಬಿ ಹೆಸರುಗಳು ಪಾರ್ಸಿ, ಉರ್ದು ದಾರಿಯಲ್ಲಿ ಕರ್ನಾಟಕಕ್ಕೂ ಬಂದವು. ಇಬ್ರಾಹಿಂ ಸಾಹೇಬರು ನಮ್ಮ ಹಳ್ಳಿಗಳಲ್ಲಿ ಇಬ್ರಾಮ್‌ಸಾಬ ಆದರು. ಅವರು ನಮ್ಮ ಇಬ್ರಾಮ್‌ಸಾಬರೇ ಹೊರತು ಅರಬ್ಬಿ ಉಚ್ಚಾರದಲ್ಲಿ ಫೇಲಾದವರು ಅಂತ ಯಾರೂ ಹೇಳಲ್ಲ, ಅಲ್ವಾ?

ದೇವರ ಕೊಡುಗೆ, ಒಂದೇ ಹೃದಯ

ದಗ್ಬಾನಿ ಹೆಸರೆಲ್ಲ ಅರಬ್ಬಿಯಿಂದ ಬಂದಿದ್ದಲ್ಲ. ಅಲ್ಲಿನ ಮಣ್ಣಿನ ಹೆಸರುಗಳು ತುಂಬ ಇವೆ. ‘ಸುಹು’ ಅಂದ್ರೆ ಹೃದಯ, ‘ಯಿನಿ’ ಅಂದ್ರೆ ಒಂದು. ಸುಹುಯಿನಿ ಅಂದ್ರೆ ಒಂದೇ ಮನಸ್ಸು, ಒಗ್ಗಟ್ಟು. ‘ವುನಿ’ ಅಂದ್ರೆ ದೇವರು, ‘ಪಿನಿ’ ಅಂದ್ರೆ ಉಡುಗೊರೆ. ಎರಡೂ ಸೇರಿದರೆ ವುಂಪಿನಿ, ದೇವರ ಕೊಡುಗೆ. ನಮ್ಮ ದೇವದತ್ತನ ಹಾಗೆ.

ಇಲ್ಲೊಂದು ವಿಷಯ ನೋಡಿ. ‘ವುನ್’ ಪಕ್ಕ ‘ಪಿನಿ’ ಬಂದ ಕೂಡಲೇ ‘ನ್’ ಹೋಗಿ ‘ಮ್’ ಆಯ್ತು. ಪ ಹೇಳೋಕೆ ತುಟಿ ಮುಚ್ಚಲೇಬೇಕು, ಅದಕ್ಕೆ ಹಿಂದಿನ ಅನುನಾಸಿಕವೂ ತುಟಿಗೆ ಸರಿಯಿತು. ಕನ್ನಡದ ಸೊನ್ನೆಯೂ ಇದನ್ನೇ ಮಾಡುತ್ತೆ. ‘ಸಂತೆ’ಯಲ್ಲಿ ನಾವು ನ್ ಅಂತೀವಿ, ‘ಸಂಪಿಗೆ’ಯಲ್ಲಿ ಮ್ ಅಂತೀವಿ. ನಮಗೆ ಒಂದೇ ಸೊನ್ನೆ, ಹಾಗಾಗಿ ತಲೆನೋವಿಲ್ಲ. ಅವರು ರೋಮನ್ ಅಕ್ಷರದಲ್ಲಿ ಬರೆಯಬೇಕು. ಹೃದಯದಲ್ಲಿ ‘ವುನಿ’ ಇಟ್ಟುಕೊಂಡವರು ಎನ್ ಬರೀತಾರೆ, ಕಿವಿ ನಂಬಿದವರು ಎಮ್ ಬರೀತಾರೆ. ಅದೇ ಹೆಸರು, ಅದೇ ಉಚ್ಚಾರ, ಆದರೆ ಎರಡು ಸ್ಪೆಲಿಂಗ್.

ಬಾಲವಿರುವ ಎನ್ ಎಲ್ಲಿ ಹೋಯ್ತು?

ದಗ್ಬಾನಿಗೆ ತನ್ನದೇ ಲಿಪಿ ವ್ಯವಸ್ಥೆ ಇದೆ. ರೋಮನ್ ಅಕ್ಷರಗಳ ಜೊತೆಗೆ ಬಾಲವಿರುವ ಎನ್ (‘ಅಂಗ’ದ ಙ್ ಸದ್ದಿಗೆ), ತಿರುಗಿಸಿದ ಸಿ ಥರದ ಒಂದು ಓ, ಗಂಟಲಲ್ಲಿ ಉಜ್ಜುವ ‘ಗ’ಗೆ ಒಂದು ಬೇರೆ ಅಕ್ಷರ, ಹೀಗೆ ಕೆಲವು ಸೇರಿಸಿಕೊಂಡಿದ್ದಾರೆ. 2021ರಲ್ಲಿ ದಗ್ಬಾನಿ ವಿಕಿಪೀಡಿಯ ಶುರುವಾಗಿದೆ, ಅಲ್ಲಿ ಈ ಅಕ್ಷರಗಳನ್ನೇ ಬಳಸ್ತಾರೆ. ಆದರೆ ಹೆಸರು ಬರೆಸೋದು ಇಂಗ್ಲಿಷ್ ಕಲಿತ ಗುಮಾಸ್ತರ ಕೈಯಲ್ಲಿ, ಇಂಗ್ಲಿಷ್ ಕೀಬೋರ್ಡಿನಲ್ಲಿ. ಅಲ್ಲಿ ಈ ಅಕ್ಷರಗಳಿಗೆ ಜಾಗ ಇಲ್ಲ. ಊರ ಹೆಸರುಗಳಿಗೂ ಇದೇ ಗತಿ ಆಯ್ತು. ತಮಾಲೆಯ ಮೂಲ ರೂಪ ‘ತಮಾಯಿಲಿ’, ಶಿಯಾ ಹಣ್ಣಿನ ಮನೆ ಅಂತ ಅರ್ಥ.

ಅಕ್ಷರಕ್ಕೂ ಸಿಗದ ಇನ್ನೊಂದು ವಿಷಯ ಸ್ವರಭಾರ. ದಗ್ಬಾನಿಯಲ್ಲಿ ಧ್ವನಿಯ ಏರಿಳಿತದಿಂದಲೇ ಅರ್ಥ ಬದಲಾಗುತ್ತೆ. ‘ಗ್ಬಲ್ಲಿ’ ಅಂತ ಎರಡೂ ಅಕ್ಷರ ಏರಿಸಿ ಹೇಳಿದರೆ ಗೋರಿ, ಎರಡನೆಯದನ್ನು ಇಳಿಸಿದರೆ ಹುಲ್ಲಿನ ಚಾಪೆ. ಬರವಣಿಗೆಯಲ್ಲಿ ಈ ಏರಿಳಿತಕ್ಕೆ ಗುರುತಿಲ್ಲ. ದಗ್ಬೋನಿನಲ್ಲಿ ಇದನ್ನು ಕಾಯ್ದುಕೊಂಡು ಬಂದವರು ‘ಲುನ್ಸಿ’ ಎಂಬ ವಾದ್ಯಗಾರರು. ಅವರ ‘ಲುಂಗಾ’ ಎಂಬ ಡೋಲನ್ನು ಕಂಕುಳಲ್ಲಿ ಒತ್ತಿದರೆ ಶ್ರುತಿ ಏರುತ್ತೆ, ಸಡಿಲ ಬಿಟ್ಟರೆ ಇಳಿಯುತ್ತೆ. ಅದರಲ್ಲಿ ಅವರು ರಾಜರ ಹೆಸರು, ಬಿರುದು, ವಂಶಾವಳಿ ನುಡಿಸ್ತಾರೆ. ಕಾಗದ ಹಿಡಿದಿಡದ್ದನ್ನು ಡೋಲು ಹಿಡಿದಿಟ್ಟಿದೆ.

ಕಂಪ್ಯೂಟರಿಗೆ ಯಾಕೆ ಅರ್ಥವಾಗಲ್ಲ?

ಈಗ ದುಡ್ಡಿನ ವಿಷಯಕ್ಕೆ ಬರೋಣ. ಘಾನಾದಲ್ಲಿ ನಮ್ಮ ಆಧಾರ್ ಥರ ‘ಘಾನಾ ಕಾರ್ಡ್’ ಇದೆ. 2021ರ ಅಕ್ಟೋಬರ್‌ನಿಂದ ಸಿಮ್ ಕಾರ್ಡುಗಳನ್ನು ಅದಕ್ಕೆ ಜೋಡಿಸಿ ಮರುನೋಂದಣಿ ಮಾಡಿಸಬೇಕಾಯ್ತು. 2022ರ ಜುಲೈ 1ರಿಂದ ಬ್ಯಾಂಕ್ ವ್ಯವಹಾರಕ್ಕೆ ಅದೊಂದೇ ಗುರುತಿನ ಚೀಟಿ. ಹಾಗಾಗಿ ಹಳೆಯ ದಾಖಲೆಯ ಹೆಸರು ಕಾರ್ಡಿನ ಹೆಸರಿಗೆ ಹೊಂದಬೇಕು. ಹೊಂದದಿದ್ದರೆ ಅಫಿಡವಿಟ್ಟು, ಗೆಜೆಟ್ ಪ್ರಕಟಣೆ, ಓಡಾಟ, ಖರ್ಚು. ಪ್ಯಾನ್ ಮತ್ತು ಆಧಾರ್ ಜೋಡಿಸೋಕೆ ಹೋಗಿ ಇನಿಷಿಯಲ್ ಹೊಂದದೆ ಒದ್ದಾಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಶ್ವೇತಾ ಅನ್ನೋ ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ಥರ ಬರೀಬಹುದು, ನೀವೇ ಲೆಕ್ಕ ಹಾಕಿ.

ಸದ್ದು ಹೋಲುವ ಹೆಸರು ಹುಡುಕೋಕೆ ‘ಸೌಂಡೆಕ್ಸ್’ ಅನ್ನೋ ಹಳೇ ವಿಧಾನ ಇದೆ. 1918ರಲ್ಲಿ ಅಮೆರಿಕಾದಲ್ಲಿ ಪೇಟೆಂಟ್ ಆಗಿದ್ದು. ಇವತ್ತಿಗೂ ಮೈಎಸ್‌ಕ್ಯೂಎಲ್, ಒರಾಕಲ್ ಥರದ ಡೇಟಾಬೇಸುಗಳಲ್ಲಿ ಸಿದ್ಧವಾಗಿ ಸಿಗುತ್ತೆ. ಅದರ ಲೆಕ್ಕ ಸರಳ: ಹೆಸರಿನ ಮೊದಲ ಅಕ್ಷರ ಹಾಗೇ ಇಟ್ಟುಕೋ, ಸ್ವರಗಳನ್ನು ಬಿಟ್ಟುಬಿಡು, ಉಳಿದ ವ್ಯಂಜನಗಳನ್ನು ಆರು ಗುಂಪು ಮಾಡಿ ಅಂಕಿ ಕೊಡು.

ದಗ್ಬಾನಿ ಹೆಸರುಗಳನ್ನು ಅವುಗಳ ಅರಬ್ಬಿ ಮೂಲದ ಜೊತೆ ಇದಕ್ಕೆ ಹಾಕಿದ್ರೆ ಏನಾಗುತ್ತೆ ನೋಡಿ:

ಉಮರ್: ಯು 560. ಇಮೋರೊ: ಐ 560.
ಹುಸೇನ್: ಎಚ್ 250. ಫುಸೇನಿ: ಎಫ್ 250.
ಯೂಸುಫ್: ವೈ 210. ಇಸ್ಸಿಫು: ಐ 210.

ಅಂಕಿಗಳು ಮೂರೂ ಜೋಡಿಯಲ್ಲಿ ತದ್ರೂಪ! ಕೆಟ್ಟಿದ್ದು ಮೊದಲ ಅಕ್ಷರ ಮಾತ್ರ. ಇಂಗ್ಲಿಷ್ ಹೆಸರುಗಳಿಗಾಗಿ ಹುಟ್ಟಿದ ಈ ವಿಧಾನ ಮೊದಲ ಅಕ್ಷರವನ್ನು ಎಲ್ಲಕ್ಕಿಂತ ಹೆಚ್ಚು ನಂಬುತ್ತೆ. ದಗ್ಬಾನಿಯಲ್ಲಿ ಈ ಹೆಸರುಗಳು ಬದಲಾಗೋದೇ ಅಲ್ಲಿ. ಉ ಹೋಗಿ ಇ, ಹ ಹೋಗಿ ಫ, ಯೂ ಹೋಗಿ ಇ. ಕೊನೆಯ ಸ್ವರ ಎಷ್ಟು ಸೇರಿದರೂ ಅದಕ್ಕೆ ತೊಂದರೆಯಿಲ್ಲ, ತಲೆಬಾಗಿಲು ಬದಲಾದರೆ ಮನೆಯನ್ನೇ ಗುರುತಿಸಲ್ಲ.

ಇನ್ನೂ ಒಂದು ತಮಾಷೆ ಇದೆ. ಯಾಕೂಬ್‌ಗೆ ಈ ಲೆಕ್ಕದಲ್ಲಿ ಬರುವ ಕೋಡ್ ವೈ 210. ಯೂಸುಫ್‌ಗೂ ವೈ 210. ಕುರಾನಿನ ಕಥೆಯಲ್ಲಿ ಯಾಕೂಬ್ ತಂದೆ, ಯೂಸುಫ್ ಮಗ. ಕಂಪ್ಯೂಟರಿನ ಪ್ರಕಾರ ಅಪ್ಪ-ಮಗ ಒಬ್ಬರೇ, ಯೂಸುಫ್-ಇಸ್ಸಿಫು ಮಾತ್ರ ಬೇರೆ ಬೇರೆ!

ಎಷ್ಟು ಅಕ್ಷರ ಬದಲಿಸಿದರೆ ಒಂದು ಪದ ಇನ್ನೊಂದಾಗುತ್ತೆ ಅಂತ ಎಣಿಸುವ ವಿಧಾನವೂ ಇಲ್ಲಿ ಸೋಲುತ್ತೆ. ಇಂಗ್ಲಿಷ್ ಅಕ್ಷರದಲ್ಲಿ ಉಮರ್‌ನಿಂದ ಇಮೋರೊಗೆ ಹೋಗೋಕೆ ಮೂರು ತಿದ್ದುಪಡಿ ಬೇಕು. ಅಮಿನಾಯಿಂದ ಅಮಿರಾಗೆ ಒಂದೇ ಸಾಕು. ಮೊದಲನೆಯದು ಒಂದೇ ಹೆಸರು, ಎರಡನೆಯದು ಇಬ್ಬರು ಬೇರೆ ಹುಡುಗಿಯರು.

ಇದಕ್ಕೆ ದೊಡ್ಡ ಎಐ ಏನೂ ಬೇಕಾಗಿಲ್ಲ. ಮೇಲೆ ಹೇಳಿದ ಸದ್ದಿನ ನಿಯಮಗಳನ್ನೇ ಒಂದು ಪಟ್ಟಿ ಮಾಡಿ ಕೊಟ್ಟರೆ ಹೊಂದಿಸುವ ಕೆಲಸ ಎಷ್ಟೋ ಸಲೀಸಾಗುತ್ತೆ. ಆದರೆ ಆ ಪಟ್ಟಿ ಮಾಡಬೇಕಾದವರು ಆ ಭಾಷೆ ಆಡುವವರು. ಫಾರ್ಮಿನಲ್ಲಿ ‘ಈ ಹೆಸರನ್ನು ಬೇರೆ ಹೇಗೆ ಬರೀತೀರಿ?’ ಅಂತ ಇನ್ನೊಂದು ಖಾನೆ ಇಟ್ಟರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ.

ಹಾಗಾದ್ರೆ ಯಾವುದು ಸರಿ?

ದಾಖಲೆ ಹೊಂದಿಸುವ ಗಡಿಬಿಡಿಯಲ್ಲಿ ಎಲ್ಲರಿಗೂ ಹೊಳೆಯುವ ಉಪಾಯ ಒಂದಿದೆ: ಎಲ್ಲವನ್ನೂ ‘ಸರಿಯಾದ’ ರೂಪಕ್ಕೆ ತಿದ್ದಿಬಿಡೋದು. ಇಮೋರೊವನ್ನು ಉಮರ್ ಮಾಡು, ಸುಮಾನಿಯನ್ನು ಉಸ್ಮಾನ್ ಮಾಡು. ಅರಬ್ಬಿ ಶಾಲೆಯಲ್ಲಿ ಕಲಿತ ಹೊಸ ತಲೆಮಾರಿನ ಕೆಲವರಿಗೆ ಮೂಲದ ಉಚ್ಚಾರವೇ ಶುದ್ಧ ಅನ್ನಿಸುತ್ತೆ. ಅದು ಅವರ ಆಯ್ಕೆ, ತಪ್ಪೇನಿಲ್ಲ. ಒಂದೇ ಮನೆಯಲ್ಲಿ ತಾತ ಇಮೋರೊ, ಮೊಮ್ಮಗ ಉಮರ್ ಆಗಿರಬಹುದು. ತಾತನ ಹೆಸರನ್ನೇ ಮೊಮ್ಮಗನಿಗೆ ಇಟ್ಟಿರಬಹುದು ಕೂಡ.

ಆದರೆ ಕಂಪ್ಯೂಟರಿಗೆ ಅನುಕೂಲ ಅಂತ ತಾತನ ಹೆಸರನ್ನು ತಿದ್ದೋದು ಬೇರೆ ವಿಷಯ. 2001ರಿಂದ 2009ರವರೆಗೆ ಘಾನಾದ ಉಪಾಧ್ಯಕ್ಷರಾಗಿದ್ದವರು ಯೆಂಡಿಯಲ್ಲಿ ಹುಟ್ಟಿದ ಅಲಿಯು ಮಹಾಮ. ಅವರು ಅಲಿ ಮುಹಮ್ಮದ್ ಆಗಬೇಕಾದ ಅಗತ್ಯ ಬೀಳಲಿಲ್ಲ. ತಮಾಲೆಯ ರಾಜಕಾರಣಿ ಹರೂನಾ ಇದ್ರಿಸು ಅವರ ಹೆಸರಿನಲ್ಲಿ ಹಾರೂನ್, ಇದ್ರೀಸ್ ಇಬ್ಬರೂ ಇದ್ದಾರೆ, ದಗ್ಬಾನಿಯ ನಾಲಗೆಯೂ ಇದೆ. ಇಮೋರೊ ಅಂದ ಕೂಡಲೇ ಈ ಹೆಸರು ಯಾವ ದಾರಿಯಲ್ಲಿ, ಯಾರ ಬಾಯಲ್ಲಿ ಹಾದು, ಯಾವ ಊರು ಸೇರಿತು ಅಂತ ತಿಳಿಯುತ್ತೆ. ಉಮರ್ ಅಂತ ತಿದ್ದಿದರೆ ಆ ಮೂರು ಶತಮಾನದ ಪ್ರಯಾಣದ ಗುರುತು ಅಳಿಸಿಹೋಗುತ್ತೆ.

ನಮ್ಮ ಆಫೀಸುಗಳಲ್ಲಿ ಈಗ ಪಶ್ಚಿಮ ಆಫ್ರಿಕಾದ ಸಹೋದ್ಯೋಗಿಗಳು, ಕ್ಲೈಂಟುಗಳು ಸಿಗೋದು ಅಪರೂಪವೇನಲ್ಲ. ಮೀಟಿಂಗಿನಲ್ಲಿ ಇಸ್ಸಿಫು ಅನ್ನೋ ಹೆಸರು ಕಂಡರೆ ‘ಓ, ಯೂಸುಫ್ ಅಲ್ವಾ?’ ಅಂತ ತಿದ್ದೋಕೆ ಹೋಗಬೇಡಿ. ‘ನಿಮ್ಮ ಹೆಸರನ್ನು ಹೇಗೆ ಹೇಳಬೇಕು?’ ಅಂತ ಒಂದು ಸಲ ಕೇಳಿ, ಅವರು ಹೇಳಿದ ಹಾಗೇ ಹೇಳಿ. ಮತ್ತೆ ನೀವು ನನ್ನ ಹಾಗೆ ಫಾರ್ಮು, ಆ್ಯಪು ಕಟ್ಟುವ ಕೆಲಸದವರಾದರೆ, ಹೆಸರಿನ ಖಾನೆ ಹೊಂದಲಿಲ್ಲ ಅಂತ ಕೆಂಪು ಅಕ್ಷರದಲ್ಲಿ ಬಯ್ಯುವ ಮುಂಚೆ ಎರಡನೇ ಖಾನೆ ಕೊಡಿ.

ನಿಮ್ಮ ಮನೆಯಲ್ಲಿ ಅಜ್ಜ-ಅಜ್ಜಿಯರ ಹೆಸರು ರೇಷನ್ ಕಾರ್ಡಿನಲ್ಲಿ ಒಂದು ಥರ, ಬಾಯಲ್ಲಿ ಒಂದು ಥರ ಇದೆಯಾ? ಯಾವುದನ್ನು ಉಳಿಸಿಕೊಂಡಿರಿ, ಯಾಕೆ ಅಂತ ಬರೆದು ತಿಳಿಸಿ.